ಮೇಲಿನ ಹಲಗೆಯ ಪುಸ್ತಕ

ನಾನು ಕಾಲೇಜೊಂದರಲ್ಲಿ ಲೈಬ್ರರಿಯನ್. ನಮ್ಮಲ್ಲಿ ಪುಸ್ತಕದ ಕಪಾಟುಗಳು ಏಳು ಅಡಿ ಎತ್ತರ ಇವೆ. ಕನ್ನಡ ಸಾಹಿತ್ಯಕ್ಕೆ 894.814 ಅಂತ ನಂಬರು. ಅದರ ಪಕ್ಕದಲ್ಲೇ ತಮಿಳಿನದು, 894.811. ಪುಸ್ತಕದ ಬೆನ್ನಿಗೆ ಅಂಟಿಸಿದ ಪುಟ್ಟ ಚೀಟಿಯಲ್ಲಿ ಈ ನಂಬರು ಇರುತ್ತದೆ. ಇಪ್ಪತ್ತೆರಡು ವರ್ಷ ಈ ಚೀಟಿಗಳನ್ನು ನೋಡಿಕೊಂಡೇ ಪುಸ್ತಕ ತೆಗೆದುಕೊಟ್ಟಿದ್ದೇನೆ. ಹೋದ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ಬಿ.ಎ. ಓದುವ ಹುಡುಗಿಯೊಬ್ಬಳು ವಚನಗಳ ಒಂದು ಸಂಪುಟ ಕೇಳಿಕೊಂಡು ಬಂದಳು. ಅದು ಮೇಲಿನ ಹಲಗೆಯಲ್ಲಿತ್ತು. ತಲೆ ಎತ್ತಿ ನೋಡಿದೆ. ಚೀಟಿ ಕಾಣುತ್ತಿದೆ, ನಂಬರು ಕಾಣುತ್ತಿಲ್ಲ. ಕೊನೆಯ ಅಂಕಿ ಒಂದೋ ನಾಲ್ಕೋ ಗೊತ್ತಾಗುತ್ತಿಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿದೆ. ಇನ್ನೂ ಬಾಗಿಸಿದೆ. ನಂಬರು ಸ್ಪಷ್ಟ ಆಗುವ ಹೊತ್ತಿಗೆ ನನ್ನ ಮುಖ ಪೂರ್ತಿ ಚಾವಣಿಯ ಕಡೆಗೆ ತಿರುಗಿತ್ತು, ಕತ್ತಿನ ನರ ಹಿಡಿದುಕೊಂಡಿತ್ತು. ಆ ಹುಡುಗಿಯೇ ಸ್ಟೂಲು ಹತ್ತಿ, "ಇದೇ ಅಲ್ವಾ ಮೇಡಂ?" ಎಂದು ಪುಸ್ತಕ ಇಳಿಸಿದಳು. ಆಮೇಲೆ ನನ್ನನ್ನು ನೋಡಿ, "ಸುಸ್ತಾಗಿದೀರಾ?" ಎಂದು ಕೇಳಿದಳು.

ಆ ದಿನ ನನ್ನ ಮೂಗಿನ ಮೇಲಿದ್ದ ಕನ್ನಡಕಕ್ಕೆ ಮೂರು ವಾರ ವಯಸ್ಸು. ಬೆಲೆ 16,000 ರೂಪಾಯಿ. ಪ್ರೊಗ್ರೆಸಿವ್ ಗಾಜು. ದೂರದ್ದು, ನಡುವಿನದ್ದು, ಹತ್ತಿರದ್ದು, ಎಲ್ಲವೂ ಒಂದರಲ್ಲೇ ಕಾಣುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಕೊಂಡ ಮೇಲೆ ಎರಡು ಸಲ ಹೋಗಿ ಸರಿ ಕಾಣುತ್ತಿಲ್ಲ ಎಂದು ಹೇಳಿಯೂ ಬಂದಿದ್ದೆ. ಎರಡು ಸಲವೂ ಒಂದೇ ಉತ್ತರ: "ಅಭ್ಯಾಸ ಆಗುತ್ತೆ ಮೇಡಂ, ಎರಡು ವಾರ ಬಿಡದೆ ಹಾಕಿಕೊಳ್ಳಿ." ನಾನೂ ನಂಬಿದೆ. ತಪ್ಪು ನನ್ನ ಕಣ್ಣಿನದೇ ಇರಬೇಕು ಅಂದುಕೊಂಡೆ. ಆ ಮಧ್ಯಾಹ್ನದ ನಂತರ ಬೇರೆ ಒಂದು ಮಾತು ತಲೆಯಲ್ಲಿ ಕೊರೆಯಲು ಶುರುವಾಯಿತು. ಅಂಗಡಿಯಲ್ಲಿ ಫ್ರೇಮು ತೋರಿಸಿದರು, ಮೂರು ಬೆಲೆಯ ಗಾಜು ತೋರಿಸಿದರು, ನೀಲಿ ಬೆಳಕು ತಡೆಯುವ ಬ್ಲೂ ಕಟ್ ಬೇಕಾ ಎಂದು ಕೇಳಿದರು. ನೀವು ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಅಪ್ಪಯ್ಯನ ಚಾಳೀಸು

ನಮ್ಮ ಕಡೆ ಈ ಕನ್ನಡಕಕ್ಕೆ ಚಾಳೀಸು ಅಂತಲೇ ಹೆಸರು. ನಲವತ್ತಕ್ಕೆ ಬರುವುದು, ಅದಕ್ಕೇ ಚಾಳೀಸು. "ಅವನಿಗೂ ಚಾಳೀಸು ಬಂತಂತೆ" ಎಂದು ಹಿಂದಿನವರು ಮಾತಾಡಿಕೊಳ್ಳುವಾಗ ಅದರಲ್ಲಿ ಗಾಬರಿ ಇರುತ್ತಿರಲಿಲ್ಲ. ತಲೆಕೂದಲು ನೆರೆತ ಹಾಗೆ ಅದೂ ಒಂದು. ನಿಜವಾಗಿಯೂ ಅದು ಅಷ್ಟೇ. ಕಣ್ಣಿನ ಒಳಗೆ ಒಂದು ಮೆತ್ತನೆಯ ಮಸೂರ ಇದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆ ಆಗುತ್ತದೆ. ವಯಸ್ಸಾದ ಹಾಗೆ ಅದು ಗಟ್ಟಿಯಾಗುತ್ತ ಬರುತ್ತದೆ, ಉಬ್ಬುವುದು ಕಮ್ಮಿಯಾಗುತ್ತದೆ. ನಲವತ್ತು ದಾಟಿದ ಮೇಲೆ ಪೇಪರನ್ನು ಒಂದೊಂದೇ ಇಂಚು ದೂರ ಹಿಡಿಯುತ್ತೇವೆ. ಒಂದು ದಿನ ಕೈಯೇ ಸಾಲುವುದಿಲ್ಲ.

ಅಪ್ಪಯ್ಯ ಬೈಫೋಕಲ್ ಹಾಕುತ್ತಿದ್ದರು. ಗಾಜಿನ ಕೆಳಗೆ ಅರ್ಧಚಂದ್ರದ ಹಾಗೆ ಒಂದು ಗುಂಡನೆಯ ತುಂಡು ಕಾಣುತ್ತಿತ್ತು. ಅಡಿಕೆ ಸುಲಿತ, ಬೇಯಿಸುವುದು ಎಲ್ಲ ಮುಗಿದು, ಒಣಗಿದ ಅಡಿಕೆ ಆರಿಸುವ ದಿನಗಳಲ್ಲಿ ಅವರು ಅಂಗಳದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ರಾಶಿ ಎನ್ನುವ ಬಗೆಯ ಅಡಿಕೆ ಒಂದು ಕಡೆ, ಬೆಟ್ಟೆ ಒಂದು ಕಡೆ, ಗೊರಬಲು ಮತ್ತೊಂದು ಕಡೆ. ಕೈ ಎಷ್ಟು ಬೇಗ ಓಡುತ್ತಿತ್ತು ಎಂದರೆ ನನಗೆ ಅಡಿಕೆ ಹಾರಿ ಹೋದದ್ದಷ್ಟೇ ಕಾಣುತ್ತಿತ್ತು. ಆ ಅರ್ಧಚಂದ್ರದ ಮೂಲಕ ಅವರು ಒಂದೊಂದು ಅಡಿಕೆಯ ಮೈಯನ್ನೂ ನೋಡುತ್ತಿದ್ದರು. ಯಾರಾದರೂ ದಣಪೆ ದಾಟಿ ಬಂದರೆ ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಎತ್ತಿ, ಮೇಲಿನ ಗಾಜಿನಿಂದ ನೋಡಿ ಗುರುತು ಹಿಡಿಯುತ್ತಿದ್ದರು. ಅವರ ಕೆಲಸಕ್ಕೆ ಆ ಕನ್ನಡಕ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಅಂಗಳದಿಂದ ತೋಟಕ್ಕೆ ಇಳಿಯುವ ಕಲ್ಲುಮೆಟ್ಟಿಲಿನ ತಲೆಯಲ್ಲಿ ನಿಂತಾಗ ಅವರು ತಪ್ಪದೆ ಒಂದು ಕೆಲಸ ಮಾಡುತ್ತಿದ್ದರು. ಕನ್ನಡಕವನ್ನು ಹಣೆಗೆ ಏರಿಸುತ್ತಿದ್ದರು. ಕೆಳಗೆ ಹೋಗಿ ಮತ್ತೆ ಮೂಗಿಗೆ ಇಳಿಸುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿದ್ದೆ, ಯಾಕೆ ಅಂತ. "ಮೆಟ್ಟಿಲು ಜಿಗೀತದೆ ಮಗಾ" ಎಂದಿದ್ದರು. ಮೆಟ್ಟಿಲು ಹೇಗೆ ಜಿಗಿಯುತ್ತದೆ ಎಂದು ನನಗೆ ಅರ್ಥ ಆಗಿರಲಿಲ್ಲ. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಕಾಲೇಜಿನ ಎರಡನೇ ಮಹಡಿಯ ಮೊಸಾಯಿಕ್ ಮೆಟ್ಟಿಲಿನಲ್ಲಿ, ಕೈಯಲ್ಲಿ ಪುಸ್ತಕದ ಕಟ್ಟು ಹಿಡಿದು ಇಳಿಯುವಾಗ ಅರ್ಥ ಆಯಿತು. ಕಾಲಿಟ್ಟ ಜಾಗದಲ್ಲಿ ಮೆಟ್ಟಿಲು ಇರಲಿಲ್ಲ. ಅದು ಇನ್ನೂ ಎರಡು ಇಂಚು ಕೆಳಗಿತ್ತು. ಕಂಬಿ ಹಿಡಿದುಕೊಂಡೆ, ಪುಸ್ತಕಗಳು ಬಿದ್ದವು. ಪೆಟ್ಟೇನೂ ಆಗಲಿಲ್ಲ. ಆದರೆ ಎದೆ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು.

ಇದರ ಲೆಕ್ಕ ಸುಲಭ. ಕಣ್ಣಿನ ಚೀಟಿಯಲ್ಲಿ ದೂರದ ನಂಬರಿನ ಕೆಳಗೆ ಆ್ಯಡ್ ಎಂದು ಒಂದು ಸಂಖ್ಯೆ ಬರೆದಿರುತ್ತಾರೆ. ಹತ್ತಿರ ನೋಡಲು ಸೇರಿಸುವ ಪವರ್ ಅದು. ನಲವತ್ತರ ಆಸುಪಾಸಿನಲ್ಲಿ 1.00ರ ಹತ್ತಿರ ಶುರುವಾಗಿ, ಅರವತ್ತರ ಹೊತ್ತಿಗೆ 2.50ರ ಹತ್ತಿರ ಬಂದು ನಿಲ್ಲುವುದು ರೂಢಿ. 100 ಸೆಂಟಿಮೀಟರನ್ನು ಆ ಸಂಖ್ಯೆಯಿಂದ ಭಾಗಿಸಿ. ನನ್ನ ಆ್ಯಡ್ 2.00. ಅಂದರೆ ಗಾಜಿನ ಕೆಳಭಾಗದಿಂದ ನೋಡಿದರೆ ನನಗೆ ಹೆಚ್ಚೆಂದರೆ 50 ಸೆಂಟಿಮೀಟರ್ ತನಕ ಸ್ಪಷ್ಟ. ಅದರಾಚೆ ಮಸುಕು. ನನ್ನ ಕಣ್ಣಿಂದ ನನ್ನ ಪಾದಕ್ಕೆ ಒಂದೂವರೆ ಮೀಟರ್ ಆಗುತ್ತದೆ. ಮೆಟ್ಟಿಲು ಇಳಿಯುವಾಗ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ, ಓದುವ ಗಾಜಿನ ಮೂಲಕ ಮೆಟ್ಟಿಲು ನೋಡುತ್ತದೆ. ಮಸುಕಾಗಿ, ಜಾಗ ಬದಲಾಗಿ ಕಾಣುತ್ತದೆ. ಬೈಫೋಕಲ್ಲಿನಲ್ಲಿ ಗೆರೆ ದಾಟುವಾಗ ಎಲ್ಲವೂ ಫಕ್ಕನೆ ಜಿಗಿಯುತ್ತದೆ ಕೂಡ. ಅಪ್ಪಯ್ಯ ಹೇಳಿದ್ದು ಅಕ್ಷರಶಃ ನಿಜ.

ಇದು ನಮ್ಮ ಮನೆಯ ಅನುಭವ ಮಾತ್ರ ಅಲ್ಲ. ಆಸ್ಟ್ರೇಲಿಯಾದಲ್ಲಿ 606 ಮಂದಿ ಹಿರಿಯರನ್ನು ಸೇರಿಸಿಕೊಂಡು ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಎಲ್ಲರೂ ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಹಾಕುವವರು. ಕೆಲವರಿಗೆ ಹೊರಗೆ ಓಡಾಡಲು ದೂರದ ನಂಬರಿನ ಸಾದಾ ಕನ್ನಡಕ ಒಂದನ್ನು ಜೊತೆಗೆ ಕೊಟ್ಟರು. ಆಗಾಗ ಹೊರಗೆ ಹೋಗುವ ಅಭ್ಯಾಸ ಇದ್ದವರು ಬೀಳುವುದು ಕಮ್ಮಿಯಾಯಿತು. ಹೊರಗೆ ಹೋಗುವುದೇ ಅಪರೂಪ ಎಂಬಂಥವರಲ್ಲಿ ಮಾತ್ರ ಹೊರಗೆ ಬೀಳುವುದು ಹೆಚ್ಚಾಯಿತು. ಅದೇ ಕನ್ನಡಕ ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಅಲ್ಲ. ಈ ಎರಡನೇ ಅರ್ಧವನ್ನು ನಾನು ಮರೆಯದೆ ನೆನಪಿಟ್ಟುಕೊಂಡಿದ್ದೇನೆ.

ಗೆರೆ ಇಲ್ಲದ ಗಾಜು

ಗೆರೆ ಇರುವ ಬೈಫೋಕಲ್ ಬಗ್ಗೆ ಒಂದು ಹಳೆಯ ಕಾಗದ ಇದೆ. 1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫ್ರಾನ್ಸಿನಿಂದ ಗೆಳೆಯರೊಬ್ಬರಿಗೆ ಬರೆದದ್ದು. ಎರಡು ಕನ್ನಡಕ ಬದಲಿಸಿ ಬದಲಿಸಿ ಸಾಕಾಗಿ, ಗಾಜುಗಳನ್ನು ಅರ್ಧಕ್ಕೆ ಕತ್ತರಿಸಿ ಒಂದೇ ಫ್ರೇಮಿನಲ್ಲಿ ಮೇಲೆ ಕೆಳಗೆ ಕೂರಿಸಿಕೊಂಡಿದ್ದೇನೆ ಎಂದು ಅದರಲ್ಲಿ ಇದೆ. ಅದಕ್ಕೆ ಅವರು ಕೊಟ್ಟ ಕಾರಣ ನನಗೆ ತುಂಬಾ ಇಷ್ಟ. ಊಟದ ಮೇಜಿನಲ್ಲಿ ತಟ್ಟೆಯೂ ಕಾಣಬೇಕು, ಎದುರು ಕೂತವರ ಮುಖವೂ ಕಾಣಬೇಕು. ಫ್ರೆಂಚ್ ಅವರ ಕಿವಿಗೆ ಪೂರ್ತಿ ಒಗ್ಗಿರಲಿಲ್ಲ. ಮಾತಾಡುವವರ ಮುಖದ ಚಲನೆ ನೋಡಿದರೆ ಮಾತು ಹೆಚ್ಚು ಅರ್ಥ ಆಗುತ್ತದೆ ಎಂದು ಬರೆದಿದ್ದಾರೆ. ತಟ್ಟೆಗೆ ಎಷ್ಟು ದೂರ, ಮುಖಕ್ಕೆ ಎಷ್ಟು ದೂರ ಎಂದು ಅವರು ಮೊದಲು ಯೋಚಿಸಿದರು. ಆಮೇಲೆ ಗಾಜು ಕತ್ತರಿಸಿದರು.

ಪ್ರೊಗ್ರೆಸಿವ್ ಗಾಜಿನಲ್ಲಿ ಆ ಗೆರೆ ಇಲ್ಲ. ಫ್ರಾನ್ಸಿನಲ್ಲೇ 1959ರಲ್ಲಿ ವ್ಯಾರಿಲಕ್ಸ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಬರ್ನಾರ್ಡ್ ಮೆತ್ನಾಜ್ ಎಂಬ ಎಂಜಿನಿಯರ್ ರೂಪಿಸಿದ್ದು. ಮೇಲೆ ದೂರದ ನಂಬರು. ಅಲ್ಲಿಂದ ಕೆಳಗೆ ಒಂದು ಕಿರಿದಾದ ಓಣಿ. ಆ ಓಣಿಯಲ್ಲಿ ಇಳಿಯುತ್ತ ಹೋದ ಹಾಗೆ ಪವರ್ ಸ್ವಲ್ಪ ಸ್ವಲ್ಪವೇ ಏರುತ್ತದೆ. ತಳದಲ್ಲಿ ಓದುವ ಜಾಗ. ನೋಡುವವರಿಗೆ ಚಾಳೀಸು ಹಾಕಿದ್ದು ಗೊತ್ತೇ ಆಗುವುದಿಲ್ಲ.

ಆದರೆ ಆ ಓಣಿಯ ಎರಡೂ ಬದಿಗೆ ಮಸುಕು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕು. ಮಿಂಕ್ವಿಟ್ಜ್ ಎಂಬ ಜರ್ಮನ್ ಗಣಿತಜ್ಞರು 1963ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಓಣಿಯಲ್ಲಿ ಪವರ್ ಎಷ್ಟು ಬೇಗ ಏರುತ್ತದೋ ಅದರ ಎರಡರಷ್ಟು ವೇಗದಲ್ಲಿ ಬದಿಯ ಸೊಟ್ಟತನ ಏರುತ್ತದೆ. ಹಾಸಿದ ಚಾಪೆಯ ಕೆಳಗೆ ಗಾಳಿ ಸೇರಿಕೊಂಡ ಹಾಗೆ ಇದು. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ. ದುಬಾರಿ ಗಾಜಿನಲ್ಲಿ ಆ ಉಬ್ಬನ್ನು ಬುದ್ಧಿವಂತಿಕೆಯಿಂದ ಮೂಲೆಗೆ ಸರಿಸಿರುತ್ತಾರೆ, ಹರಡಿರುತ್ತಾರೆ. ಪೂರ್ತಿ ತೆಗೆಯಲು ಆಗುವುದಿಲ್ಲ. ಇದರಿಂದ ಕೊಳ್ಳುವವರಿಗೆ ಎರಡು ಮಾತು ಹೊಳೆಯಬೇಕು. ಆ್ಯಡ್ ಜಾಸ್ತಿ ಆದಷ್ಟೂ ಬದಿ ಹೆಚ್ಚು ಮಸುಕು. ಹಾಗಾಗಿ ನಲವತ್ತೆರಡಕ್ಕೆ ಪ್ರೊಗ್ರೆಸಿವ್ ಶುರುಮಾಡಿದವರಿಗೆ ಒಗ್ಗುವುದು ಸುಲಭ, ಐವತ್ತೆಂಟಕ್ಕೆ ಮೊದಲ ಸಲ ಹಾಕಿದವರಿಗೆ ಕಷ್ಟ. ಎರಡನೆಯದು ಫ್ರೇಮು. ಅಗಲವಾಗಿ, ಎತ್ತರ ಕಮ್ಮಿ ಇರುವ ಸಪೂರ ಫ್ರೇಮು ನೋಡಲು ಚಂದ. ಆದರೆ ಅದರಲ್ಲಿ ಓಣಿಗೆ ಉದ್ದ ಸಿಗುವುದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಬರುವ ರಸ್ತೆಗೂ ಅಲ್ಲಿಂದ ಕೆಳಗೆ ಸೋಮೇಶ್ವರಕ್ಕೆ ಇಳಿಯುವ ಘಾಟಿಗೂ ಇರುವ ವ್ಯತ್ಯಾಸ ಅದು. ಜಾಗ ಕಮ್ಮಿ ಇದ್ದಾಗ ಇಳಿಜಾರು ಕಡಿದಾಗಲೇಬೇಕು, ತಿರುವು ಹೆಚ್ಚಲೇಬೇಕು.

ನನ್ನ 16,000ದ ಕನ್ನಡಕದ ಫ್ರೇಮು ಸಪೂರದ್ದು. ನಾನೇ ಇಷ್ಟಪಟ್ಟು ಆರಿಸಿದ್ದು. ಬೇಡ ಎಂದು ಅವರು ಹೇಳಬಹುದಿತ್ತು.

ಪೆನ್ನಿನ ಚುಕ್ಕೆ

ಆಗಸ್ಟಿನಲ್ಲಿ ಸಂಬಂಧಿಕರ ಮದುವೆಗೆ ಶಿವಮೊಗ್ಗಕ್ಕೆ ಹೋದಾಗ, ಪೇಟೆಯ ಒಳಗಿನ ಒಂದು ಹಳೆಯ ಕನ್ನಡಕದ ಅಂಗಡಿಗೆ ಹೋದೆ. ಫ್ರೇಮಿನ ಒಂದು ಸ್ಕ್ರೂ ಸಡಿಲ ಆಗಿತ್ತು, ಅಷ್ಟೇ ಕೆಲಸ. ಅಂಗಡಿಯಲ್ಲಿ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ಕೂತಿದ್ದರು. ಸ್ಕ್ರೂ ಬಿಗಿ ಮಾಡಿ ಕೊಡುವ ಮೊದಲು ಕನ್ನಡಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಬಾಯಿಂದ ಹಬೆ ಬಿಟ್ಟರು. ಮತ್ತೆ ನೋಡಿದರು. "ಅಮ್ಮಾ, ಇದರಲ್ಲಿ ನಿಮಗೆ ಓದೋಕೆ ಕಷ್ಟ ಆಗ್ತಿಲ್ವಾ?" ಎಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವರು ತೋರಿಸಿದರು. ಪ್ರೊಗ್ರೆಸಿವ್ ಗಾಜಿನ ಮೇಲೆ ಬರಿಗಣ್ಣಿಗೆ ಸುಲಭಕ್ಕೆ ಕಾಣದ ಎರಡು ಪುಟ್ಟ ಗುರುತು ಕೊರೆದಿರುತ್ತದೆ. ಎರಡರ ನಡುವೆ 34 ಮಿಲಿಮೀಟರ್ ಅಂತರ. ಕಿವಿಯ ಕಡೆಯ ಗುರುತಿನ ಕೆಳಗೆ ಆ್ಯಡ್ ಎಷ್ಟು ಎಂದು ಬರೆದಿರುತ್ತದೆ. ಆ ಗುರುತುಗಳಿಂದ ಅಳೆದರೆ ಕಣ್ಣುಪಾಪೆ ಗಾಜಿನಲ್ಲಿ ಎಲ್ಲಿಗೆ ಬರಬೇಕು ಎಂದು ತಿಳಿಯುತ್ತದೆ. ಅವರು ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಆ ಜಾಗಕ್ಕೆ ಒಂದೊಂದು ಅಡ್ಡಗೆರೆ ಹಾಕಿ ನನ್ನ ಮುಖಕ್ಕೆ ಏರಿಸಿದರು. ಕನ್ನಡಿ ಕೊಟ್ಟರು. ಗೆರೆ ನನ್ನ ಪಾಪೆಯ ಮೇಲೆ ಇರಲಿಲ್ಲ. ಎರಡೂ ಕಡೆ ಮೂರು ನಾಲ್ಕು ಮಿಲಿಮೀಟರ್ ಕೆಳಗಿತ್ತು. ಎಡಗಣ್ಣಿನದು ಮೂಗಿನಿಂದ ಆಚೆಗೂ ಸರಿದಿತ್ತು. ಓಣಿಯ ಅಗಲವೇ ಕೆಲವು ಮಿಲಿಮೀಟರ್. ಗೆರೆ ಕೆಳಗಿದ್ದದ್ದರಿಂದ ಓದುವ ಜಾಗ ಫ್ರೇಮಿನ ತಳದಲ್ಲಿ ಅರ್ಧ ಕತ್ತರಿಸಿ ಹೋಗಿತ್ತು. ಒಂದು ಪುಟ ಓದಲು ನಾನು ಗದ್ದ ಎತ್ತಿಕೊಂಡು ಕೂರುತ್ತಿದ್ದದ್ದು ಅದಕ್ಕೇ. ಎರಡು ವಾರ ಬಿಡಿ, ಎರಡು ವರ್ಷ ಹಾಕಿದರೂ ಇದು ಅಭ್ಯಾಸ ಆಗುತ್ತಿರಲಿಲ್ಲ.

ಅವರ ಮೇಲೆ ನನಗೆ ಇಂದಿಗೂ ತುಂಬಾ ಗೌರವ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮದು ಏನು ಕೆಲಸ?" ಹೇಳಿದೆ. ಕಪಾಟಿನ ವಿಷಯವನ್ನೂ ಹೇಳಿದೆ. ಅವರು ಎದ್ದು ನಿಂತು, ಅಂಗಡಿಯ ಮೇಲಿನ ಶೆಲ್ಫಿಗೆ ಕೈ ಚಾಚಿ, "ಇಷ್ಟು ಎತ್ತರನಾ? ಇಷ್ಟು ದೂರನಾ?" ಎಂದು ಕೇಳಿದರು. ಹೌದು ಎಂದೆ. ಅವರು ವಿವರಿಸಿದ್ದು ಹೀಗೆ. ಈ ಗಾಜು ಮಾಡಿದವರು ಒಂದು ಊಹೆ ಮಾಡಿಕೊಂಡಿದ್ದಾರೆ. ದೂರದ್ದು ಮೇಲಿರುತ್ತದೆ, ಹತ್ತಿರದ್ದು ಕೆಳಗಿರುತ್ತದೆ ಎಂದು. ಜಾಸ್ತಿ ಜನರಿಗೆ ಅದು ಸರಿ. ನಿಮಗೆ ಹತ್ತಿರದ್ದೇ ತಲೆಯ ಮೇಲೂ ಇದೆ. ವಿಮಾನ ಹಾರಿಸುವವರಿಗೂ ಹಾಗೇ, ಅವರ ತಲೆಯ ಮೇಲೂ ಸ್ವಿಚ್ಚುಗಳಿರುತ್ತವೆ. ಅಂಥವರಿಗೆ ಡಬಲ್ ಡಿ ಎಂಬ ಗಾಜು ಇದೆ. ಓದುವ ತುಂಡು ಕೆಳಗೊಂದು, ಮೇಲೊಂದು. ಎಲೆಕ್ಟ್ರಿಷಿಯನ್‌ಗಳಿಗೂ ಕೊಡುತ್ತಾರೆ, ಲೈಬ್ರರಿಯವರಿಗೂ ಕೊಡುತ್ತಾರೆ. ನನ್ನ ಕೆಲಸಕ್ಕೆ ಅಂತಲೇ ಒಂದು ಗಾಜು ಲೋಕದಲ್ಲಿ ಇದೆ ಎಂದು ನಲವತ್ತೊಂಬತ್ತು ವರ್ಷಕ್ಕೆ ನನಗೆ ಗೊತ್ತಾಯಿತು.

ಕೊನೆಗೆ ನಾವು ಆರಿಸಿದ್ದು ಅದನ್ನಲ್ಲ. ಎರಡು ಗೆರೆ ನನಗೆ ಬೇಡವೆನಿಸಿತು. ಆಫೀಸ್ ಲೆನ್ಸ್ ಎಂದು ಒಂದು ಬಗೆ ಇದೆ. ಅದರಲ್ಲಿ ಬೀದಿಯ ದೂರವನ್ನು ಬಿಟ್ಟುಕೊಡುತ್ತಾರೆ. ಕೆಳಗೆ ಓದುವ ಪವರ್, ಮೇಲಕ್ಕೆ ಹೋದ ಹಾಗೆ ಕಮ್ಮಿಯಾಗುತ್ತ ಮೇಜು, ಕಂಪ್ಯೂಟರ್, ಎದುರು ನಿಂತವರ ಮುಖದ ತನಕ ಸ್ಪಷ್ಟ. ದೂರವನ್ನು ಬಿಟ್ಟದ್ದರಿಂದ ಪವರ್ ನಿಧಾನಕ್ಕೆ ಬದಲಾಗುತ್ತದೆ, ಅದರಿಂದ ಓಣಿ ಅಗಲ ಆಗುತ್ತದೆ. ಅದರ ಮೇಲಿನ ಭಾಗದಿಂದ ನೋಡಿದರೆ ನನಗೆ ಮೇಲಿನ ಹಲಗೆಯ ಚೀಟಿ ಕಾಣುತ್ತದೆ. ಆದರೆ ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು, ರಸ್ತೆಗೂ ಇಳಿಯಬಾರದು. ಇದನ್ನು ಅವರು ಮೂರು ಸಲ ಹೇಳಿದರು.

ಅಳತೆ ತೆಗೆದುಕೊಂಡ ರೀತಿಯನ್ನೂ ಬರೆಯಬೇಕು. ಮೊದಲು ಫ್ರೇಮನ್ನು ನನ್ನ ಮೂಗಿಗೆ, ಕಿವಿಗೆ ಸರಿಯಾಗಿ ಕೂರಿಸಿದರು. ಅಳತೆ ಅದರ ನಂತರವೇ. ಎರಡು ಕಣ್ಣಿಗೂ ಮೂಗಿನ ನಡುವಿನಿಂದ ಬೇರೆ ಬೇರೆ ಅಳತೆ. ನನ್ನ ಬಲಗಣ್ಣು 32, ಎಡಗಣ್ಣು 30. ಹಿಂದಿನ ಅಂಗಡಿಯಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಿದ್ದರು ಎಂದು ಕಾಣುತ್ತದೆ. ಆಮೇಲೆ ನನ್ನನ್ನು ನಿಲ್ಲಿಸಿ, ಅವರೂ ನನ್ನ ಎತ್ತರಕ್ಕೆ ಸರಿಯಾಗಿ ಎದುರು ನಿಂತು, "ನನ್ನ ಕಣ್ಣನ್ನೇ ನೋಡಿ, ಗದ್ದ ಎತ್ತಬೇಡಿ" ಎಂದು ಹೇಳಿ ಫ್ರೇಮಿನ ಖಾಲಿ ಗಾಜಿನ ಮೇಲೆ ಪಾಪೆಯ ನೇರಕ್ಕೆ ಚುಕ್ಕೆ ಇಟ್ಟರು. ಎರಡು ಹೆಜ್ಜೆ ಹಾಕಿಸಿ ಮತ್ತೆ ನೋಡಿದರು. ಚುಕ್ಕೆಯಿಂದ ಫ್ರೇಮಿನ ಕೆಳಅಂಚಿಗೆ 20 ಮಿಲಿಮೀಟರ್ ಬಂತು. ಸಾಮಾನ್ಯ ಪ್ರೊಗ್ರೆಸಿವ್‌ಗೆ 18 ಆದರೂ ಇರಬೇಕಂತೆ. ಈ ಚುಕ್ಕೆ ಇಡದ ಅಂಗಡಿಯಲ್ಲಿ, ಅಥವಾ ಕ್ಯಾಮೆರಾದಲ್ಲಾದರೂ ಈ ಎತ್ತರ ಅಳೆಯದ ಅಂಗಡಿಯಲ್ಲಿ, ನಾನು ಇನ್ನು ಮೇಲೆ ಪ್ರೊಗ್ರೆಸಿವ್ ಮಾಡಿಸುವುದಿಲ್ಲ. ಗಾಜು ಎಷ್ಟು ದೊಡ್ಡ ಕಂಪನಿಯದೇ ಇರಲಿ.

ಇನ್ನೊಂದು ಮಾತು. ಹೊಸ ಗಾಜು ಬಂದಾಗ ಅದರ ಮೇಲೆ ಹಳದಿ ಅಥವಾ ಬಿಳಿ ಬಣ್ಣದಲ್ಲಿ ಗುರುತುಗಳು ಅಚ್ಚಾಗಿರುತ್ತವೆ. ಸ್ಪಿರಿಟ್ಟಿನಲ್ಲಿ ಒರೆಸಿ ಕೊಡುವುದು ರೂಢಿ. ಒರೆಸುವ ಮೊದಲು ಒಂದು ಸಲ ಹಾಕಿಕೊಂಡು ನೋಡುತ್ತೇನೆ ಎಂದು ಕೇಳಿ. ಆ ಅಡ್ಡಗೆರೆಯ ಗುರುತು ನಿಮ್ಮ ಪಾಪೆಯ ಮೇಲೆ ಬಂದರೆ ಸರಿ. ಬರದಿದ್ದರೆ ಅಲ್ಲೇ ಹೇಳಿ. ಮನೆಗೆ ಬಂದ ಮೇಲೆ ಹೇಳಿದರೆ ಅಭ್ಯಾಸದ ಮಾತೇ ಬರುತ್ತದೆ. ಅಭ್ಯಾಸ ಎನ್ನುವುದು ಸುಳ್ಳೂ ಅಲ್ಲ. ಕಣ್ಣಿನ ಬದಲು ತಲೆ ತಿರುಗಿಸಿ ನೋಡುವುದನ್ನು ಕಲಿಯಲು ನನಗೂ ಹತ್ತು ದಿನ ಬೇಕಾಯಿತು.

ಒಂದೇ ಕನ್ನಡಕದ ಆಸೆ

ಒಂದರಲ್ಲೇ ಎಲ್ಲ ಮುಗಿಯಬೇಕು ಎಂಬ ಆಸೆ ನನಗೂ ಇತ್ತು. ಈಗ ನನ್ನ ಹತ್ತಿರ ಎರಡು ಇವೆ. ಲೈಬ್ರರಿಯಲ್ಲಿ ಆಫೀಸ್ ಲೆನ್ಸ್. ಹೊರಗೆ, ಮೆಟ್ಟಿಲಿಗೆ, ಸ್ಕೂಟರಿಗೆ ದೂರದ ಸಾದಾ ನಂಬರು. ಎರಡಕ್ಕೂ ಸೇರಿ ಮೊದಲಿನದಕ್ಕಿಂತ ಕಮ್ಮಿ ಖರ್ಚಾಯಿತು. ದಿನಕ್ಕೆ ಆರೇಳು ಸಲ ಬದಲಿಸುತ್ತೇನೆ. ತೊಂದರೆ ಅನ್ನಿಸುವುದಿಲ್ಲ. ನನ್ನ ತಂಗಿ ಬೆಂಗಳೂರಿನಲ್ಲಿ ಪ್ರೊಗ್ರೆಸಿವ್ ಒಂದರಲ್ಲೇ ಸುಖವಾಗಿದ್ದಾಳೆ. ಅವಳದು ಮೀಟಿಂಗಿನ ಕೆಲಸ. ಗೋಡೆಯ ಪರದೆ, ಎದುರಿನ ಜನ, ಕೈಯಲ್ಲಿ ಫೋನು. ಅವಳ ಹತ್ತಿರದ್ದು ಯಾವಾಗಲೂ ಕೆಳಗೇ ಇರುತ್ತದೆ.

ಸಾದಾ ಗಾಜನ್ನು ಬಡವರ ಗಾಜು ಎನ್ನುವ ಹಾಗೆ ಮಾತಾಡುವುದು ಕೇಳಿದರೆ ನನಗೆ ಬೇಜಾರಾಗುತ್ತದೆ. ಅಸ್ಸಾಮಿನ ಟೀ ತೋಟಗಳಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟರು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಅವರು ದಿನಕ್ಕೆ ಕೊಯ್ಯುವ ಎಲೆ ಸುಮಾರು ಶೇ. 22ರಷ್ಟು ಹೆಚ್ಚಾಯಿತು. ಓದಿದಾಗ ಅಂಗಳದಲ್ಲಿ ಕೂತ ಅಪ್ಪಯ್ಯನ ಬೆರಳುಗಳೇ ಕಣ್ಣ ಮುಂದೆ ಬಂದವು. ಅಡಿಕೆ ಆರಿಸುವ ಎಷ್ಟೋ ಹೆಂಗಸರು ಚಾಳೀಸು ಬಂದರೂ ಸುಮ್ನೆ ಕಣ್ಣು ಕಿರಿದು ಮಾಡಿಕೊಂಡೇ ಕೆಲಸ ಮುಗಿಸುತ್ತಾರೆ. ಅವರಿಗೆ ಯಾರೂ ಹೇಳಿಲ್ಲ, ಇದು ಒಂದು ಸಾದಾ ಗಾಜಿನಿಂದ ಸರಿಹೋಗುತ್ತದೆ ಎಂದು.

ಕಣ್ಣಿನ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಅಂಗಡಿಯ ಕಂಪ್ಯೂಟರಿನಲ್ಲಿ ನಂಬರು ತೆಗೆಸಿದರೆ ನಂಬರು ಸಿಗುತ್ತದೆ, ಅಷ್ಟೇ. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ, ಹಿಂಭಾಗದ ನರ ಎರಡನ್ನೂ ಡಾಕ್ಟರರೇ ನೋಡಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಾಗ ನಂಬರೇ ಏರಿಳಿಯುತ್ತದೆ. ಆ ಸಮಯದಲ್ಲಿ ಮಾಡಿಸಿದ ಗಾಜು ತಿಂಗಳೊಳಗೆ ಸುಳ್ಳಾಗುತ್ತದೆ.

ಹೋದ ವಾರ ನಮ್ಮ ಕಾಲೇಜು ಬಸ್ಸಿನ ಡ್ರೈವರ್ ಲೈಬ್ರರಿಗೆ ಬಂದಿದ್ದರು. "ನಂಗೂ ಚಾಳೀಸು ಬಂತು ಮೇಡಂ. ಪ್ರೊಗ್ರೆಸಿವ್ ಹಾಕಿ ಅಂದ್ರು. ಯಾವ ಕಂಪನಿದು ತಗೊಳ್ಳಲಿ?" ಎಂದು ಕೇಳಿದರು. ಕಪಾಟು ಅಳೆಯುವ ಟೇಪು ಡ್ರಾಯರಿನಲ್ಲಿತ್ತು. ತೆಗೆದುಕೊಂಡು ಇಬ್ಬರೂ ಬಸ್ಸಿಗೆ ಹೋದೆವು. ಅವರು ಸೀಟಿನಲ್ಲಿ ಕೂತು ಟೇಪಿನ ತುದಿಯನ್ನು ಕಣ್ಣಿನ ಪಕ್ಕ ಹಿಡಿದುಕೊಂಡರು. ಸ್ಪೀಡ್ ಮೀಟರಿಗೆ 78 ಸೆಂಟಿಮೀಟರ್ ಬಂತು. ಎಡಗಡೆಯ ಕನ್ನಡಿಗೆ ಟೇಪು ಸಾಲಲಿಲ್ಲ. "ಕನ್ನಡಿಯಲ್ಲಿ ಕಾಣೋದು ಹಿಂದಿನ ಗಾಡಿ ತಾನೇ, ಅದಕ್ಕೆ ದೂರದ ನಂಬರೇ ಬೇಕು" ಎಂದೆ. ಅವರು ಕನ್ನಡಿ ಇರುವ ಕಡೆಗೆ ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ ನೋಡಿದರು. ಆಮೇಲೆ ತಲೆ ತಿರುಗಿಸಿ ನೋಡಿದರು.

"ನಾನು ಕನ್ನಡಿ ನೋಡೋದು ಕಣ್ಣಂಚಲ್ಲೇ ಮೇಡಂ" ಎಂದರು. "ಅಲ್ಲೇ ಅಲ್ವಾ ಮಸುಕು ಇರೋದು?"

ಒಂದು ಚೀಟಿಯಲ್ಲಿ 78 ಎಂದು ಬರೆದು, ಅದರ ಕೆಳಗೆ 'ಕನ್ನಡಿ, ಕಣ್ಣಂಚು' ಎಂದು ಬರೆದು ಅವರ ಕೈಗೆ ಕೊಟ್ಟೆ. ಅಂಗಡಿಗೆ ಹೋಗುವಾಗ ಇದನ್ನು ತೋರಿಸಿ ಎಂದೆ.